ಕುರುಗೋಡಿನಲ್ಲಿ ಹೇಳಿದ ಸಾವು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಯುದ್ಧ ಬೇಡ ಅನ್ನುವವನು ಶಾಂತಮೂರ್ತಿ ಆಗಿರಬೇಕೆಂದು ಜನ ಅಂದುಕೊಳ್ಳುತ್ತಾರೆ. ನಾನು ಹಾಗಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಗೋಣಿಚೀಲ, ಹಗ್ಗ, ತಾಡಪತ್ರಿ ಮಾರುವ ಅಂಗಡಿ ನನ್ನದು. ಆ ಓಣಿಯಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವರು ಯಾರೂ ಇಲ್ಲ. ಆದರೆ ನಲವತ್ತು ವರ್ಷದಿಂದ ಯಾರ ಮೈಮೇಲೂ ಕೈ ಮಾಡಿಲ್ಲ, ಸುಳ್ಳೂ ಹೇಳಿಲ್ಲ.

ಎರಡಕ್ಕೂ ಕಾರಣ ಒಂದೇ. ಇಪ್ಪತ್ತೆರಡರ ವಯಸ್ಸಿನಲ್ಲಿ ಇದೇ ಓಣಿಯ ಒಂದು ಜಗಳದಲ್ಲಿ, ತಕ್ಕಡಿಯ ಎರಡು ಕಿಲೋ ತೂಕದ ಕಲ್ಲನ್ನು ಎತ್ತಿ ಒಬ್ಬನ ತಲೆಗೆ ಹೊಡೆದೆ. ಅವನು ಸಾಯಲಿಲ್ಲ. ಬದುಕಿದ, ಆದರೆ ತನ್ನ ಮಗಳ ಹೆಸರನ್ನೇ ಮರೆತು ಹನ್ನೊಂದು ವರ್ಷ ನನ್ನ ಕಣ್ಣೆದುರೇ ಓಡಾಡಿದ. ಹೊಡೆದದ್ದು ನಾನಲ್ಲ ಎಂದು ಅಪ್ಪನ ಪಾದ ಮುಟ್ಟಿ ಆಣೆ ಮಾಡಿದ್ದೆ. ನನ್ನ ಗೆಳೆಯನೊಬ್ಬ ಆ ಅಪವಾದ ಹೊತ್ತು ಊರು ಬಿಟ್ಟ. ಅಂದಿನಿಂದ ನನಗೆ ನಾನೇ ಎರಡು ಕಟ್ಟು ಹಾಕಿಕೊಂಡೆ. ಹೊಡೆಯುವುದಿಲ್ಲ, ಸುಳ್ಳಾಡುವುದಿಲ್ಲ. ಇದರಲ್ಲಿ ದೊಡ್ಡತನ ಏನೂ ಇಲ್ಲ, ಹೆದರಿಕೆ ಅಷ್ಟೇ. ಆದರೂ ಬಂಧುಬಳಗದಲ್ಲಿ ನನಗೊಂದು ಹೆಸರು ಬಂತು. ಇವನ ಬಾಯಲ್ಲಿ ಬಂದರೆ ಅದು ಖರೆ ಅಂತ.

ನನ್ನ ಅಕ್ಕ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯೊಂದರ ಎದುರು ಖಾನಾವಳಿ ನಡೆಸುತ್ತಾಳೆ. ಭಾವ ತೀರಿಹೋಗಿ ಬಹಳ ವರ್ಷವಾಯಿತು. ಇದ್ದೊಬ್ಬ ಮಗ, ಬಹಳ ತಡವಾಗಿ ಹುಟ್ಟಿದವನು, ನನ್ನ ಸೋದರಳಿಯ, ಮಿಲಿಟರಿಗೆ ಸೇರುತ್ತೇನೆ ಎಂದಾಗ ನಾನು ಖಾನಾವಳಿಯಲ್ಲಿ ಗಿರಾಕಿಗಳು ಉಣ್ಣುತ್ತಿರುವಾಗಲೇ ಕೂಗಾಡಿದೆ.

“ಲೇ, ಆ ಕಡಿಂದ ಬರಾವನೂ ಒಬ್ಬಾಕಿ ಮಗನ. ಅವನ್ನ ಕೊಂದು ಬಂದು ಇಲ್ಲಿ ಕುಂತು ರೊಟ್ಟಿ ತಿಂತೀಯೇನು?”

“ಮಾವಾ, ನಾ ಹೋಗಲಿಲ್ಲಂದ್ರ ಅಲ್ಲಿ ಜಾಗ ಖಾಲಿ ಇರಂಗಿಲ್ಲ. ಇನ್ನೊಬ್ಬ ನಿಂದರ್ತಾನ. ಅವ ಸತ್ತರ ನಿಮಗ ನಡೀತೈತೇನು?”

ಉತ್ತರ ಹೊಳೆಯದಿದ್ದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ, ಬಾಯಿಗೆ ಬಂದಂತೆ ಬೈದೆ. ಅಕ್ಕ ಹಂಚಿನ ಮುಂದಿನಿಂದ ಏಳದೆಯೇ ಹೇಳಿದಳು: “ನೀ ಕದ ಹಾಕ್ಕೊಂಡು ನಿಶ್ಚಿಂತಿಲೆ ಮಲಗ್ತೀಯಲ್ಲ ತಮ್ಮಾ, ಆ ಕದ ಕಾಯಾಕ ಯಾರರ ಒಬ್ಬ ಬೇಕಲ್ಲ. ಎಲ್ಲಾರೂ ನಿನ್ನಂಗ ಕೈ ಕಟಗೊಂಡು ಕುಂತ್ರ ಮುಗೀತು ಕಥಿ.”

ಅವನು ಹೋದ. ಜೊತೆಗೆ ಅವನ ಗೆಳೆಯನೂ ಹೋದ. ಆ ಹುಡುಗ ಕ್ಯಾಂಪಿನವನು. ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆಯುತ್ತಾ ನೆಲೆಯೂರಿದವರ ಊರುಗಳನ್ನು ನಮ್ಮ ಕಡೆ ಕ್ಯಾಂಪು ಅನ್ನುತ್ತೇವೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ಅವನಿಗೂ ತಂದೆ ಇರಲಿಲ್ಲ, ತಾಯಿ ಒಬ್ಬಳೇ. ಇಬ್ಬರೂ ಒಟ್ಟಿಗೆ ಓಡಿ, ಒಟ್ಟಿಗೆ ಆಯ್ಕೆಯಾಗಿ, ಒಂದೇ ಕಡೆ ಇದ್ದರು.

ಗಡಿಯಲ್ಲಿ ಯುದ್ಧ ಶುರುವಾದ ಆ ಬೇಸಿಗೆಯಲ್ಲಿ ಇಬ್ಬರೂ ರಜೆಯ ಮೇಲೆ ಊರಲ್ಲಿದ್ದರು. ಅಳಿಯನಿಗೆ ಮದುವೆಯಾಗಿ ಏಳು ತಿಂಗಳು. ರಜೆ ರದ್ದು, ಕೂಡಲೇ ಬನ್ನಿ ಎಂದು ಕರೆ ಬಂತು.

ಗಡಿ ಎಲ್ಲಿ, ಬಳ್ಳಾರಿ ಎಲ್ಲಿ! ಆದರೂ ನಮ್ಮ ಓಣಿಗೆ ಅದು ಬಂದೇ ಬಂತು. ರಾತ್ರಿ ಬೆಳಕು ಹೊರಗೆ ಕಾಣದಂತೆ ಕಿಟಕಿಗೆ ಕಟ್ಟಲು ಕರಿ ತಾಡಪತ್ರಿ ಬೇಕೆಂದು ಸತ್ಯನಾರಾಯಣಪೇಟೆಯ ದೊಡ್ಡ ಮನೆಗಳವರು ನನ್ನ ಅಂಗಡಿಗೆ ಬಂದರು. “ವಿಮಾನ ನಿಮ್ಮ ಅಡಗಿಮನಿ ಹುಡುಕ್ಕೊಂಡು ಬರತೈತೇನ್ರಿ?” ಎಂದು ಕೇಳಿ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡೆ. ಒಂದು ಮಧ್ಯಾಹ್ನ ಅಭ್ಯಾಸಕ್ಕೆಂದು ಸೈರನ್ ಹಾಕಿದರು. ಮೊದಲ ಸೈರನ್ನಿಗೆ ಎಲ್ಲರೂ ಒಳಗೆ ಹೋಗಬೇಕು, ಎರಡನೆಯದಕ್ಕೆ ಹೊರಗೆ ಬರಬೇಕು ಅಂತ ಹೇಳಿದ್ದರು. ಮೊದಲನೆಯದು ಕೂಗಿತು. ಎರಡನೆಯದು ಯಾಕೋ ನಮ್ಮ ಕಡೆ ಕೇಳಿಸಲೇ ಇಲ್ಲ. ನಾವೆಲ್ಲ ಶಟರ್ ಅರ್ಧ ಎಳೆದು ಒಳಗೇ ನಿಂತೆವು. ಇಡೀ ಬ್ರೂಸ್‌ಪೇಟೆ ಹಾಡಹಗಲಲ್ಲಿ ಖಾಲಿ. ಒಂದು ತಳ್ಳುಗಾಡಿಯ ಮೇಲೆ ಮಾವಿನಹಣ್ಣು ಹಾಗೇ ಬಿಸಿಲಿಗೆ ಬಿದ್ದಿದ್ದವು, ಹತ್ತಿರ ಯಾರೂ ಇಲ್ಲ. ಯಾರು ಮೊದಲು ಹೊರಗೆ ಬರಬೇಕೋ ಗೊತ್ತಾಗದೆ ಒಂದು ತಾಸು ಹಾಗೇ ಕಳೆಯಿತು.

ಪಕ್ಕದ ಗಾದಿ ಅಂಗಡಿಯ ಮುಸ್ಲಿಂ ಸಾಹೇಬರು ಟಿವಿಯಲ್ಲಿ ದಿನವಿಡೀ ಯುದ್ಧದ ಸುದ್ದಿ ಜೋರಾಗಿ ಹಚ್ಚಿಡುತ್ತಿದ್ದರು. ಬಂದ್ ಮಾಡ್ರಿ ಎಂದು ನಾನು ರೇಗಿದೆ. ಅವರು ನನ್ನ ಕೈಹಿಡಿದು ಮೆಲ್ಲಗೆ ಹೇಳಿದರು: “ಅಣ್ಣಾ, ನೀವು ಬಂದ್ ಮಾಡಿದ್ರ ಇವಗ ತಲಿ ಕೆಟ್ಟೈತಿ ಅಂತಾರ. ನಾ ಬಂದ್ ಮಾಡಿದ್ರ ಬ್ಯಾರೆನ ಅಂತಾರ. ನನಗ ಸುಮ್ನ ಕುಂದರಾಕೂ ಹಕ್ಕಿಲ್ಲ ಈಗ.” ನಾಚಿಕೆಯಾಯಿತು ನನಗೆ. ಬೇಡ ಅನ್ನುವುದಕ್ಕೂ ಒಂದು ಅನುಕೂಲ ಬೇಕು, ಅದು ನನಗಿತ್ತು.

ಹುಡುಗರು ಹೊರಡುವ ದಿನ ಸಿರುಗುಪ್ಪಕ್ಕೆ ಹೋದೆ. ಬೈಯಲಿಕ್ಕೆಂದೇ ಹೋದದ್ದು, ಆದರೆ ಬಾಯಿ ಬರಲಿಲ್ಲ. ಬೆಳಗಿನ ಹತ್ತು ಗಂಟೆ. ಅಕ್ಕನ ಅಂಗಳದಲ್ಲಿ ಇಬ್ಬರೂ ಒಂದೇ ಚೀಲದ ಮೇಲೆ ಬಗ್ಗಿ, ಅಕ್ಕ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಕಡಕ್ ರೊಟ್ಟಿಗಳನ್ನು ಒಳಗೆ ತುರುಕುತ್ತಾ ನಗುತ್ತಿದ್ದರು. ತಲೆಗೆ ತಲೆ ತಾಗಿತ್ತು. ಬೇವಿನ ಮರದಿಂದ ಒಂದು ಕಾಗೆ ಸದ್ದಿಲ್ಲದೆ ಇಳಿದು, ಆ ಎರಡು ತಲೆಗಳ ಮೇಲೆ ಹಾದು, ರೆಕ್ಕೆ ಬಡಿದು ಹೋಯಿತು. ಯಾರಿಗೆ ತಾಗಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ಕ್ಯಾಂಪಿನ ಹುಡುಗ ಎದ್ದು ನಿಂತು, “ಕಾಕಿ ಕೂಡಾ ಸೆಲ್ಯೂಟ್ ಕೊಟ್ಟಿಂದಿರಾ!” ಎಂದು ತೆಲುಗಿನಲ್ಲಿ ನಗೆಯಾಡಿದ. ಕಾಗೆಯೂ ನಮಗೆ ಸೆಲ್ಯೂಟ್ ಹೊಡೆಯಿತು ಅಂತ. ಅಳಿಯನೂ ನಕ್ಕ. ಅಕ್ಕನ ಕೈಯಲ್ಲಿದ್ದ ನೀರಿನ ತಂಬಿಗೆ ಮಾತ್ರ ಕೆಳಗೆ ಬಿತ್ತು.

ಬಸ್ಸು ಹೋದ ಮೇಲೆ ಅಕ್ಕ ನನ್ನನ್ನು ಒಳಗೆ ಕರೆದು ಕದ ಮುಂದೆ ಮಾಡಿದಳು. ಕಾಗೆ ತಲೆ ಮುಟ್ಟಿದರೆ ಸಾವು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅದಕ್ಕೆ ಪರಿಹಾರವೂ ಹಳೆಯದೇ. ಅವನು ಸತ್ತನೆಂದು ಹತ್ತಿರದ ಒಬ್ಬರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಂಬಿ ಎದೆ ತುಂಬ ಅಳಬೇಕು. ಅತ್ತ ಮೇಲೆ ಇಲ್ಲ, ಸುಳ್ಳು ಎಂದು ಹೇಳಬೇಕು. ಆ ಅಳುವಿನಲ್ಲಿ ಬರಬೇಕಾದ ಸಾವು ಬಂದುಹೋದಂತೆ ಲೆಕ್ಕ. ಹಿಂದೆಲ್ಲ ಕಾರ್ಡು ಬರೆದು ಹಾಕುತ್ತಿದ್ದರು. ಮರುದಿನ ಇನ್ನೊಂದು ಕಾರ್ಡು.

“ನನಗ ಗೊತ್ತಾಗಿಬಿಟ್ಟೈತಿ, ನಾ ಅತ್ತರ ನಡ್ಯಂಗಿಲ್ಲ,” ಎಂದಳು ಅಕ್ಕ. “ಸೊಸಿ, ಇವ ಹೊಂಡೂದು ನೋಡಾಕ ಆಗಂಗಿಲ್ಲಂತ, ಕುರುಗೋಡಿನಾಗ ತವರಮನ್ಯಾಗ ಅದಾಳ. ನೀ ಹೋಗಿ ಹೇಳು.”

“ಹುಚ್ಚು ಹಿಡದೈತೇನು ನಿನಗ? ಕಾಗಿ ಅಂತ ಕಾಗಿ! ಸುಳ್ಳು ಹೇಳು ಅಂತೀಯಲ್ಲ, ಅದೂ ನನಗ?”

“ನಿನಗ ಅಂತನ ಹೇಳಾಕ ಹತ್ತೀನಿ. ಬ್ಯಾರೆ ಯಾರು ಹೇಳಿದ್ರೂ ಅಕಿ ಫೋನ್ ಮಾಡಿ ಕೇಳ್ತಾಳ. ನಿನ್ನ ಬಾಯಾಗ ಬಂದ್ರ ನಂಬ್ತಾಳ.” ನಂತರ ನನ್ನ ಅಕ್ಕ, ನನಗಿಂತ ಐದು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು, ಬಗ್ಗಿ ನನ್ನ ಕಾಲು ಹಿಡಿದಳು. “ಯುದ್ಧ ಬ್ಯಾಡ ಬ್ಯಾಡ ಅಂತ ಇಷ್ಟು ವರ್ಷ ಒದರಿದಿ. ಏನ್ ನಿಂತತು? ನಿನ್ನ ಖರೆಯಿಂದ ಒಂದು ಜೀವ ಉಳಿಸಾಕ ಆಗಲಿಲ್ಲ. ಒಂದು ಸುಳ್ಳಿನಿಂದ ಉಳೀತೈತಂದ್ರ ಹೇಳಾಕ ಏನ್ ದಾಡಿ?”

ಕಾಗೆಯ ಮಾತು ನಾನು ನಂಬುವುದಿಲ್ಲ. ಅಂದೂ ನಂಬಿರಲಿಲ್ಲ. ಆದರೆ ಅವನು ಹೋಗಿ ಅಲ್ಲಿ ಸತ್ತರೆ, ಜೀವ ಇರುವತನಕ ಅಕ್ಕ ನನ್ನ ಮುಖ ನೋಡಿದಾಗಲೆಲ್ಲ ಏನು ಅಂದುಕೊಳ್ಳುತ್ತಾಳೆ ಎಂಬುದು ಗೊತ್ತಿತ್ತು. ಹುಡುಗರು ಗಡಿ ಮುಟ್ಟುವಷ್ಟು ಹೊತ್ತು ಬಿಟ್ಟು, ಐದನೇ ದಿನ ಕುರುಗೋಡಿನ ಬಸ್ಸು ಹತ್ತಿದೆ.

ಬೀಗರ ಮನೆಯವರು ಹೊಲಕ್ಕೆ ಹೋಗಿದ್ದರು. ಹುಡುಗಿ ಮಾಳಿಗೆಯ ಮೇಲಿದ್ದಾಳೆ ಎಂದು ಪಕ್ಕದವರು ಹೇಳಿದರು. ಹತ್ತಿಹೋದೆ. ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಹಳೆಯ ಸೀರೆ ಹಾಸಿ ಅದರ ತುಂಬ ಸಂಡಿಗೆ ಇಟ್ಟಿದ್ದಳು. ಕೈಯಲ್ಲಿ ಉದ್ದದ ಕೋಲು. ಕಟ್ಟೆಗೋಡೆಯ ಮೇಲೆ ಸಾಲಾಗಿ ಕಾಗೆಗಳು ಕೂತಿದ್ದವು, ಒಂದೂ ಕೂಗುತ್ತಿರಲಿಲ್ಲ. ಹಿಂದೆ ಕುರುಗೋಡಿನ ಬಂಡೆಗುಡ್ಡ, ಗುಡಿಯ ಗೋಪುರ, ಎಲ್ಲ ಅಲುಗಾಡದೆ ನಿಂತಿದ್ದವು.

“ಅಯ್ಯ, ಮಾವಾ! ಹೇಳದಂಗ ಬಂದೀರಲ್ಲ. ಬರ್ರಿ, ನೆರಳಿಗೆ ಬರ್ರಿ. ಮಜ್ಜಿಗಿ ತರ್ತೀನಿ.”

“ಮಜ್ಜಿಗಿ ಬ್ಯಾಡವ್ವಾ. ಕುಂದರು,” ಎಂದೆ. ನನ್ನ ದನಿಯೇ ಹೇಳಿಬಿಟ್ಟಿತೋ ಏನೋ. ಅವಳು ಕೂರಲಿಲ್ಲ. ನಾನು ಹೇಳಿದೆ. ನಲವತ್ತು ವರ್ಷದಲ್ಲಿ ಹೇಳಿದ ಮೊದಲ ಸುಳ್ಳು. ಎರಡೇ ಮಾತು, ಹೋದನವ್ವಾ ಅಂತ.

ಅವಳು ಅಳಲಿಲ್ಲ. ಕೋಲು ಹಿಡಿದುಕೊಂಡೇ ಕೇಳಿದಳು, “ಯಾವಾಗ?”

ಇದಕ್ಕೆ ನಾನು ತಯಾರಾಗಿರಲಿಲ್ಲ. ಅಕ್ಕ ಇಷ್ಟೇ ಹೇಳಿಕೊಟ್ಟಿದ್ದಳು. ಆದರೆ ನನ್ನ ಬಾಯಿ ತಾನೇ ಮಾತಾಡತೊಡಗಿತು: “ಮುಂಜಾನಿ. ಚಹಾ ಕುಡ್ಯಾಕ ಹತ್ತಿದ್ನಂತ. ಕುತ್ತಿಗಿಗೆ ಬಡೀತಂತ. ಕಪ್ಪು ಕೈಯಾಗ ಹಂಗ ಇತ್ತಂತ.” ಎಲ್ಲಿಂದ ಬಂದವು ಈ ಮಾತುಗಳು? ನಾನು ಯೋಚಿಸಿ ಆಡಿದ್ದಲ್ಲ. ನನ್ನ ಪಕ್ಕದಲ್ಲಿ ನಿಂತವನೊಬ್ಬ ಹೇಳಿಕೊಟ್ಟದ್ದನ್ನು ಒಪ್ಪಿಸಿದಂತಿತ್ತು.

ಆಗ ಅವಳು ಕೋಲು ಬಿಟ್ಟಳು. ಆ ಅಳುವನ್ನು ನಾನು ಬರೆಯುವುದಿಲ್ಲ. ಕಾಗೆಗಳು ಒಂದೊಂದಾಗಿ ಗೋಡೆಯಿಂದಿಳಿದು ಬಂದು, ಅವಸರವಿಲ್ಲದೆ, ಸಂಡಿಗೆ ತಿನ್ನತೊಡಗಿದವು. ಓಡಿಸಲು ನನಗೂ ಕೈ ಬರಲಿಲ್ಲ. ಅವಳು ಸಾಕು ಅನ್ನುವಷ್ಟು ಅಳುವತನಕ ಬಾಯಿ ಬಿಡಬೇಡ ಎಂದು ಅಕ್ಕ ಹೇಳಿದ್ದಳು. ಅಷ್ಟು ತಡೆಯಲು ನನ್ನಿಂದ ಆಗಲಿಲ್ಲ. ಅವಳ ಮುಂದೆ ಕೂತು, “ಸುಳ್ಳವ್ವಾ, ಸುಳ್ಳು! ಕಾಗಿ ಮುಟ್ಟಿತ್ತು, ಅದಕ್ಕ ಹೇಳಿದೆ. ಅವ ಅದಾನ,” ಎಂದು ಕೈಮುಗಿದೆ.

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. “ಸಮಾಧಾನಕ್ಕ ಹಿಂಗ ಹೇಳಬ್ಯಾಡ್ರಿ ಮಾವಾ. ನಿಮಗ ಸುಳ್ಳು ಹೇಳಾಕ ಬರಂಗಿಲ್ಲ.”

ಅಕ್ಕನಿಗೆ ಫೋನ್ ಹಚ್ಚಿ ಕೊಟ್ಟೆ. ಅತ್ತೆಯ ಮಾತನ್ನೂ ನಂಬಲಿಲ್ಲ, ತನ್ನನ್ನು ಸಮಾಧಾನ ಮಾಡಲು ನಾವಿಬ್ಬರೂ ಸೇರಿಕೊಂಡಿದ್ದೇವೆ ಎಂದಳು. ಅಳಿಯನ ಫೋನಿಗೆ ಹತ್ತು ಸಲ ಹಚ್ಚಿದೆ. ಬಂದ್. ಅಲ್ಲಿ ಎಲ್ಲರ ಫೋನೂ ತೆಗೆದಿಟ್ಟುಕೊಂಡಿದ್ದರಂತೆ, ಅದು ಆಮೇಲೆ ಗೊತ್ತಾದದ್ದು. ಅವನು ಬದುಕಿದ್ದಾನೆ ಎನ್ನಲು ನನ್ನ ಹತ್ತಿರ ಏನಿತ್ತು? ನಾನು ಹೇಳಿದ ಎರಡರಲ್ಲಿ ಸುಳ್ಳು ಯಾವುದು ಎಂಬುದು ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅಳು ಕೇಳಿದ ಅಕ್ಕಪಕ್ಕದವರು ಸುಮ್ಮನಿದ್ದಾರೆಯೇ? ಬಳ್ಳಾರಿಗೆ ವಾಪಸು ಬರುವ ಬಸ್ಸಿನಲ್ಲಿ ನನ್ನ ಮುಂದೆ ಕೂತವನ ಮೊಬೈಲಿನಲ್ಲಿ ಅಳಿಯನ ಮದುವೆಯ ಫೋಟೋ ಕಂಡೆ, ಕೆಳಗೆ ಶ್ರದ್ಧಾಂಜಲಿಯ ದೀಪ ಉರಿಯುತ್ತಿತ್ತು. ಬಳ್ಳಾರಿಯಲ್ಲಿ ಇಳಿದರೆ, ಸರ್ಕಲ್ಲಿನಲ್ಲಿ ನಾಲ್ಕು ಹುಡುಗರು ಏಣಿ ಹಾಕಿ ಫ್ಲೆಕ್ಸ್ ಕಟ್ಟುತ್ತಿದ್ದರು. ಆಳೆತ್ತರದ ಅಳಿಯ, ಸಮವಸ್ತ್ರದಲ್ಲಿ, ನಗುತ್ತಿದ್ದ. ಮೇಲೆ ಅಮರ ಯೋಧ ಅಂತ.

“ಇಳಸ್ರಿ ಅದನ್ನ!” ಎಂದು ಕೂಗಿದೆ.

“ಯಾಕ್ರಿ ಅಂಕಲ್, ದೇಶದ ಮ್ಯಾಲ ಅಭಿಮಾನ ಇಲ್ಲೇನು?”

“ಅವ ಸತ್ತಿಲ್ಲಲೇ! ನಾ ಅವನ ಸೋದರಮಾವ ಅದೀನಿ. ಸತ್ತಿಲ್ಲ ಅವ!”

“ಸತ್ತಿಲ್ಲಾ?” ಏಣಿಯ ಮೇಲಿದ್ದವನ ಮುಖ ಸಪ್ಪಗಾಯಿತು. ಕೆಟ್ಟ ಹುಡುಗರಲ್ಲ ಅವರು, ಹಣ ಕೂಡಿಸಿ, ಊಟ ಬಿಟ್ಟು ಓಡಾಡಿದ್ದರು. ಫ್ಲೆಕ್ಸ್ ಬಿಚ್ಚಿ ಇಳಿಸಿದರು. ಹರಿದು ಹಾಕುತ್ತಾರೆ ಅಂದುಕೊಂಡೆ. ಹರಿಯಲಿಲ್ಲ. ಅವರಲ್ಲೊಬ್ಬ ಅದನ್ನು ನೆಲಕ್ಕೆ ಹಾಸಿ, ಮುಖದ ಮೇಲೆ ಮಡಿಕೆ ಬೀಳದಂತೆ ನೋಡಿಕೊಂಡು, ನೀಟಾಗಿ ಸುತ್ತಿ ಇಟ್ಟುಕೊಂಡ. ನಾನು ಅದನ್ನು ಕಿತ್ತುಕೊಂಡು ಕಂಕುಳಲ್ಲಿಟ್ಟು ಮನೆಗೆ ನಡೆದೆ. ದಾರಿಯಲ್ಲಿ ಸಿಕ್ಕವರೆಲ್ಲ ನನಗೆ ಕೈಮುಗಿದರು.

ಮರುದಿನ ಹುಡುಗಿಯನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಬಂದೆ, ಅತ್ತೆಯ ಮನೆಯಲ್ಲಿ ಅಳು ಇಲ್ಲದ್ದನ್ನು ಕಣ್ಣಾರೆ ನೋಡಲಿ ಎಂದು. ಅವಳು ಬಂದಳು, ಒಂದು ಮೂಲೆಯಲ್ಲಿ ಕೂತಳು. ಉಣ್ಣಲಿಲ್ಲ. ಕೈ ತಾನೇ ಬಳೆ ತಿರುಗಿಸುತ್ತಿತ್ತು. ಅಕ್ಕ ನನ್ನನ್ನು ಅಂಗಳಕ್ಕೆ ಕರೆದಳು.

“ಕ್ಯಾಂಪಿನಾಕಿ ಫೋನ್ ಮಾಡಿದ್ಲು. ಮೊಬೈಲಿನಾಗ ಸುದ್ದಿ ಬಂದೈತಿ ಅಂತ ಗಾಬರಿಯಾಗಿದ್ಲು. ಕಾಗಿದು ಹೇಳಿದೆ. ಹೇಳಿದ ಕೂಡಲೆ ಯಪ್ಪಾ, ಆಕಿ ದನಿನ ಬದಲಾತು. ಆಕಿ ಮಗನೂ ಹೋಗೂ ಮುಂದ ಫೋನಿನಾಗ ಹೇಳಿದ್ನಂತ, ಕಾಗಿ ನನ್ನ ತಲಿಗೂ ತಾಗತು ಅಂತ. ನಮಗ್ಯಾರದಾರಮ್ಮಾ, ನಿಮ್ಮ ತಮ್ಮನ್ನ ನಮ್ಮ ಮನಿಗೂ ಕಳಸ್ರಿ ಅಂದ್ಲು. ನಾ ಹೂಂ ಅಂದೀನಿ.”

“ಗೊತ್ತಿದ್ದು ಅತ್ತರ ನಡ್ಯಂಗಿಲ್ಲ ಅಂತ ನೀನ ಹೇಳಿದ್ದಿ.”

“ಯಾವ ದಿನ, ಯಾವ ತಾಸಿಗೆ ಅಂತ ಗೊತ್ತಿರಂಗಿಲ್ಲಲ್ಲ. ಒಮ್ಮೆಲೆ ಹೋಗಿ ಹೇಳು, ಜೀವ ಝಲ್ ಅಂತೈತಿ. ಅಷ್ಟಾದ್ರೂ ಆಗಲಿ.”

“ಹೋಗಂಗಿಲ್ಲ!” ಎಂದು ಚೀರಿದೆ. ಒಳಗೆ ಆ ಮೂಲೆಯಲ್ಲಿ ಕೂತವಳನ್ನು ಬೊಟ್ಟು ಮಾಡಿ ತೋರಿಸಿದೆ. “ಒಂದು ಸುಳ್ಳು ಹೇಳಿ ಒಬ್ಬಾಕಿನ್ನ ಕೊಂದೀನಿ. ಇನ್ನೊಬ್ಬಾಕಿನ್ನ ಕೊಲ್ಲು ಅಂತೀಯೇನು? ನನಗೂ ಒಂದು ನೀತಿ ಐತಿ.”

ಅಕ್ಕ ಕೂಗಲಿಲ್ಲ. ಅವಳು ಕೂಗದಿದ್ದರೆ ನನಗೆ ಹೆಚ್ಚು ಹೆದರಿಕೆ. “ಬರೋಬ್ಬರಿ,” ಎಂದಳು. “ನಮ್ಮನಿ ಮಗಗ ಸುಳ್ಳು ಬಾಯಿಗೆ ಬಂತು. ಮಂದಿ ಮಗ ಅಂದ ಕೂಡಲೆ ನೀತಿ ನೆನಪಾತು.”

ಆ ಮಾತು ಎದೆಗೆ ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ. ಆದರೂ ಹೋಗಲಿಲ್ಲ. ನಾನು ಸರಿ, ಅವಳು ತಪ್ಪು ಎಂದು ಇಡೀ ದಿನ ನನಗೆ ನಾನೇ ಹೇಳಿಕೊಂಡೆ. ಅಕ್ಕ ಮಾತ್ರ ನನ್ನ ಬೆನ್ನ ಹಿಂದೆ ಆ ತಾಯಿಗೆ ಫೋನ್ ಮಾಡಿ, ಇವತ್ತಿಲ್ಲ ನಾಳೆ ಬಂದೇ ಬರ್ತಾನ ಎಂದು ಭರವಸೆ ಕೊಟ್ಟಿದ್ದಳು.

ಕುರುಗೋಡಿಗೆ ಹೋಗಿಬಂದ ನಾಲ್ಕನೇ ದಿನ, ಮಧ್ಯಾಹ್ನದ ಹೊತ್ತು, ಖಾನಾವಳಿಯಲ್ಲಿ ಗಿರಾಕಿಗಳು ಖಾಲಿಯಾದ ಮೇಲೆ ಅಕ್ಕನಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹುಡುಗಿ ಎತ್ತಿದಳು. ಕಿವಿಗೆ ಇಟ್ಟವಳು ಮಾತೇ ಆಡಲಿಲ್ಲ, ನಿಂತಲ್ಲೇ ನೆಲಕ್ಕೆ ಕೂತಳು. ಆಮೇಲೆ “ರೀ… ರೀ…” ಎಂದಳು, ನಕ್ಕಳು, ಅತ್ತಳು, ಫೋನನ್ನು ಅತ್ತೆಯ ಕೈಗೆ ಕೊಟ್ಟು ಅಂಗಳದಲ್ಲೆಲ್ಲ ಓಡಾಡಿದಳು. ಅಕ್ಕ ಬೇವಿನ ಮರದ ಕಡೆ ನೋಡಿ ಕೈಮುಗಿದಳು. ಪಕ್ಕದ ಮನೆಯವರು ಸಕ್ಕರೆ ತಂದರು. ನನಗೂ ಬಾಯಿಗೆ ಹಾಕಿದರು, ನಾನು ತಿಂದೆ. ನನಗೆ ಇಷ್ಟು ಸಂತೋಷ ಜನ್ಮದಲ್ಲಿ ಆಗಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

“ಮಾವನ ಕೈಯಾಗ ಕೊಡಂತಾನ,” ಎಂದು ಅಕ್ಕ ಫೋನ್ ಕೊಟ್ಟಳು.

“ಮಾವಾ, ಒಬ್ರ ಅದೀರೇನು? ಸ್ವಲ್ಪ ಹೊರಗ ಬರ್ರಿ.”

ಬೀದಿಗೆ ಬಂದೆ.

“ನಮ್ಮ ಕ್ಯಾಂಪಿನವ ಹೋದ ಮಾವಾ. ಇವತ್ತು ಮುಂಜಾನಿ. ನನ್ನ ಬಾಜೂನ ಇದ್ದ. ಚಹಾ ಕುಡ್ಯಾಕ ಹತ್ತಿದ್ದ. ಕುತ್ತಿಗಿಗೆ ಬಡೀತು.”

ಆ ಮಾತುಗಳನ್ನು ನಾನು ಮೊದಲು ಎಲ್ಲಿ ಕೇಳಿದ್ದೆ ಎಂದು ಅವನಿಗೆ ಹೇಗೆ ಹೇಳಲಿ? ಕಪ್ಪು ಕೈಯಲ್ಲೇ ಇತ್ತೇನು ಎಂದು ಕೇಳುವ ಧೈರ್ಯ ಬರಲಿಲ್ಲ. ಇದುವರೆಗೂ ಕೇಳಿಲ್ಲ.

“ಸಂಜೀಗೆ ಆಫೀಸರು ತಿಳಸ್ತಾರ. ಅದಕ್ಕೂ ಮೊದಲ ಟಿವಿಯವರು ಮನಿ ಮುಂದ ಬಂದು ನಿಂದರ್ತಾರ. ಅವನ ಅವ್ವಗ ಹಂಗ ಗೊತ್ತಾಗಬಾರದು ಮಾವಾ. ನೀವು ಹೋಗಿ ಹೇಳ್ರಿ. ನೀವು ಹೇಳಿದ್ರ ನಂಬ್ತಾಳ.” ಆಮೇಲೆ ಸಣ್ಣ ಹುಡುಗನಂತೆ ಕೇಳಿದ: “ಯುದ್ಧ ಬ್ಯಾಡ ಅಂತಿದ್ರಲ್ಲ ಮಾವಾ. ಈಗ ನಾ ಏನ್ ಮಾಡ್ಲಿ? ಬಿಟ್ಟು ಬರಾಕ ಆಗಂಗಿಲ್ಲ. ಅವ ಬಿದ್ದ ಜಾಗದಾಗ ಈಗ ನಾನ ನಿಂದರಬೇಕು.”

“ಹುಷಾರಾಗಿರು,” ಎಂದೆ. ನಲವತ್ತು ವರ್ಷದ ನನ್ನ ನೀತಿಯೆಲ್ಲ ಸೇರಿ ಆ ಹೊತ್ತಿಗೆ ಕೊಟ್ಟದ್ದು ಅದೊಂದೇ ಮಾತು.

ಒಳಗೆ ಯಾರಿಗೂ ಹೇಳದೆ ಆಟೋ ಹಿಡಿದೆ. ಕಾಲುವೆಯಲ್ಲಿ ನೀರು ನಿಲ್ಲಿಸಿದ್ದರು, ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಭತ್ತದ ಗದ್ದೆಗಳೆಲ್ಲ ಕೊಯ್ದು ಮುಗಿದು ಬರೀ ಕೂಳೆ. ಕ್ಯಾಂಪಿನ ಬೀದಿ ಗೆರೆ ಎಳೆದಷ್ಟು ನೇರ. ಆಟೋ ನಿಂತಾಗ ಎರಡೂ ಕಡೆಯ ಮನೆಗಳಿಂದ ಹೆಂಗಸರು ಹೊರಗೆ ಬಂದು ಹೊಸ್ತಿಲಲ್ಲಿ ನಿಂತರು. ಒಬ್ಬರೂ ನನ್ನನ್ನು ಯಾರು, ಯಾಕೆ ಎಂದು ಕೇಳಲಿಲ್ಲ. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಕೈಯೆತ್ತಿ ಮನೆ ತೋರಿಸಿದರು, ನಾನು ಕೇಳುವ ಮೊದಲೇ.

ಅವನ ತಾಯಿ ಅಂಗಳದಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಕುರ್ಚಿ ಹಾಕಲಿಲ್ಲ, ನೀರು ಕೊಡಲಿಲ್ಲ, ಬನ್ನಿ ಅನ್ನಲಿಲ್ಲ. ಸಾವಿನ ಸುದ್ದಿ ತಂದವನಿಗೆ ಹಾಗೆಲ್ಲ ಉಪಚಾರ ಮಾಡಬಾರದಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ನನಗೆ ತೆಲುಗು ಬರುತ್ತದೆ. ಹೇಳಿದೆ. ನಿಮ್ಮ ಮಗ ಹೋದನಮ್ಮಾ ಎಂದೆ. ಬೆಳಿಗ್ಗೆ ಹೋದ ಎಂದೆ. ಬೇರೇನೂ ಸೇರಿಸಲಿಲ್ಲ.

ಅವಳು ಒಂದು ಗಳಿಗೆ ನನ್ನ ಬಾಯನ್ನೇ ನೋಡಿದಳು. ಆಮೇಲೆ ಕೂಗಿದಳು. ಎದೆ ಬಡಿದುಕೊಂಡಳು, ನೆಲಕ್ಕೆ ಬಿದ್ದಳು, ಅವನ ಹೆಸರು ಹಿಡಿದು, ಹೆತ್ತದ್ದು, ಸಾಕಿದ್ದು ಎಲ್ಲ ಹೇಳಿ ಹೇಳಿ ಅತ್ತಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. ನಾನೂ ಅತ್ತೆ. ಕೈಯ ಖಾರ ಮುಖಕ್ಕೆಲ್ಲ ಮೆತ್ತಿ ಅವಳ ಕಣ್ಣು ಕೆಂಡವಾಗಿದ್ದವು. ಹಿಡಿದುಕೊಳ್ಳಲು ಯಾರಾದರೂ ಬನ್ನಿ ಎಂದು ಬಾಗಿಲ ಕಡೆ ತಿರುಗಿದೆ. ಹೆಂಗಸರೆಲ್ಲ ಬೇಲಿಯ ಹತ್ತಿರ ಬಂದು ನಿಂತಿದ್ದರು. ಯಾರೂ ಒಳಗೆ ಬರಲಿಲ್ಲ. ಒಬ್ಬಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಆ ಸೆರಗಿನ ಹಿಂದೆ ಅವಳು ನಗುತ್ತಿದ್ದಳು, ಒಳ್ಳೆಯ ಕೆಲಸವೊಂದು ಆಗುತ್ತಿರುವುದನ್ನು ನೋಡುವವರ ನಗು.

ಅಳು ಮೆಲ್ಲಗೆ ನಿಂತಿತು. ಆ ತಾಯಿ ಎದ್ದು ಕೂತಳು. ಚದುರಿದ ಕೂದಲು ಕಟ್ಟಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಉಸಿರು ಸಮ ಮಾಡಿಕೊಂಡಳು. ನನ್ನತ್ತ ಸ್ವಲ್ಪ ಸರಿದು, ನಾಚಿಕೊಂಡವಳಂತೆ ಮುಖ ಮೇಲೆತ್ತಿ, ತನ್ನ ತೆಲುಗಿನಲ್ಲಿ ಕೇಳಿದಳು:

“ಇಷ್ಟು ಅತ್ತರೆ ಸಾಕೇನಣ್ಣಾ? ಈಗ ಹೇಳು.”